ಎಂಟು ಗಂಟೆಗೆ ಈಗ ಯಾರು ಕಾಯ್ತಾರೆ?

‘ಶ್... ಮಾತಾಡ್ಬೇಡಿ, ಸೀರಿಯಲ್ ಶುರುವಾಯ್ತು!’

ಈ ಮಾತನ್ನು ನಿಮ್ಮ ಮನೆಯಲ್ಲಿ ಕೇಳಿ ಎಷ್ಟು ದಿನವಾಯ್ತು ಹೇಳಿ? ನಮ್ಮ ಮನೆಯಲ್ಲಂತೂ ವರ್ಷವೇ ಆಗಿರಬೇಕು. ಈಗ ರಾತ್ರಿ ಊಟ ಮುಗಿಯಿತೆಂದರೆ ಅತ್ತೆ ಅವರ ರೂಮಿನಲ್ಲಿ ಮೊಬೈಲ್ ಹಿಡಿದು ಮಲಗುತ್ತಾರೆ. ಮಗಳಿಗೆ ಟ್ಯಾಬ್, ಯಜಮಾನರಿಗೆ ಲ್ಯಾಪ್‌ಟಾಪ್. ಹಾಲ್‌ನಲ್ಲಿರುವ ದೊಡ್ಡ ಟೀವಿ ಮಾತ್ರ ಕಪ್ಪಗೆ ಮುಖ ಮಾಡಿಕೊಂಡು ಸುಮ್ಮನೆ ಕೂತಿರುತ್ತದೆ.

ನಾನು ಚಿಕ್ಕವಳಿದ್ದಾಗ ಹೀಗಿರಲಿಲ್ಲ. 1998ರ ಆಸುಪಾಸಿನಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಬರುತ್ತಿತ್ತು. ಅಮ್ಮ ಅಷ್ಟು ಹೊತ್ತಿಗೆ ಕೆಲಸವೆಲ್ಲ ಮುಗಿಸಿ ಟೀವಿ ಮುಂದೆ ಹಾಜರ್. ಕರೆಂಟು ಕೈಕೊಟ್ಟರೆ ಆವತ್ತಿನ ಕಂತು ಹೋಯಿತೆಂದೇ ಲೆಕ್ಕ. ಮಾರನೇ ದಿನ ಪಕ್ಕದ ಮನೆ ಆಂಟಿ ಕಾಂಪೌಂಡ್ ಪಕ್ಕ ನಿಂತು ಕಥೆ ಹೇಳಬೇಕು, ಅಮ್ಮ ‘ಅಯ್ಯೋ ಹೌದಾ!’ ಅನ್ನಬೇಕು. ಅದೇ ‘ಮಾಯಾಮೃಗ’ ಆಮೇಲೆ ಯೂಟ್ಯೂಬ್‌ನಲ್ಲೂ ಬಂತು. ಈಗ ಕರೆಂಟಿನ ಹಂಗಿಲ್ಲ, ಆಂಟಿಯ ಹಂಗೂ ಇಲ್ಲ. ಬೇಕೆಂದಾಗ ನೋಡಬಹುದು. ಅನುಕೂಲವೇನೋ ಆಯ್ತು, ಆದರೆ ಕಾಂಪೌಂಡ್ ಪಕ್ಕದ ಮಾತು?

ಕಥೆಯೂ ಬದಲಾಯ್ತು

ನಾವು ನೋಡುವ ರೀತಿಯಷ್ಟೇ ಅಲ್ಲ, ಕಥೆ ಹೇಳುವ ರೀತಿಯೂ ಬದಲಾಗಿದೆ. ಟೀವಿ ಸೀರಿಯಲ್‌ಗೆ ದಿನಕ್ಕೆ ಅರ್ಧ ಗಂಟೆ. ಜಾಹೀರಾತು ಕಳೆದರೆ ಉಳಿಯುವುದು 20-22 ನಿಮಿಷ. ವಾರಕ್ಕೆ ಐದು ಕಂತು ಎಂದರೂ ವರ್ಷಕ್ಕೆ 260 ಆಯಿತು! ಅಷ್ಟಕ್ಕೂ ಕಥೆ ಎಲ್ಲಿಂದ ತರುವುದು? ಅದಕ್ಕೇ ಒಂದು ಕಪಾಳಮೋಕ್ಷವಾದರೆ ಮನೆಯವರೆಲ್ಲರ ಮುಖ ಮೂರು ಮೂರು ಸಲ ತೋರಿಸುವುದು. ಮೇಲಿಂದ ಪ್ರತಿ ವಾರ ಟಿಆರ್‌ಪಿ ಬರುತ್ತದೆ. ಅಂಕ ಬಿದ್ದರೆ ಸತ್ತವರೂ ಎದ್ದು ಬರಬಹುದು!

ವೆಬ್ ಸೀರೀಸ್ ಹಾಗಲ್ಲ. ಆರೋ ಏಳೋ ಎಂಟೋ ಕಂತಿಗೆ ಮುಗಿಯುತ್ತದೆ, ಮೊದಲೇ ಬರೆದು ಮುಗಿಸಿದ ಕಥೆ. 2013ರಲ್ಲಿ ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ 13 ಕಂತುಗಳನ್ನು ಒಂದೇ ದಿನ ಬಿಟ್ಟಾಗ ಜನ ಇದೇನಪ್ಪಾ ಅಂದಿದ್ದರು. ಈಗ ಅದೇ ಮಾಮೂಲಾಗಿದೆ. ನಮ್ಮಲ್ಲೂ 2019ರಲ್ಲಿ ‘ಡೆಲ್ಲಿ ಕ್ರೈಮ್’ ಬಂತು. ಏಳೇ ಕಂತು. ಶೆಫಾಲಿ ಶಾ ಅದರಲ್ಲಿ ಪೊಲೀಸ್ ಅಧಿಕಾರಿ, ಜೊತೆಗೆ ಹದಿಹರೆಯದ ಮಗಳ ತಾಯಿ. ಮರುವರ್ಷ ಅದಕ್ಕೆ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಯೂ ಸಿಕ್ಕಿತು. ನಡುವಯಸ್ಸಿನ ಹೆಣ್ಣು ಅಂದರೆ ಒಂದೋ ಅಳುವ ಅಮ್ಮ, ಇಲ್ಲಾ ಹೊಂಚು ಹಾಕುವ ಅತ್ತೆ ಎಂದು ನೋಡಿ ಬೇಸತ್ತಿದ್ದ ನನ್ನಂಥವರಿಗೆ ಇದು ದೊಡ್ಡ ಸಮಾಧಾನ. ಕನ್ನಡದಲ್ಲೂ 2025ರಲ್ಲಿ ಧಾರಾವಾಹಿಗಳಿಂದ ಹೆಸರಾದ ಶ್ರುತಿ ನಾಯ್ಡು ಅವರು ಜೀ ಫೈವ್‌ಗೆ ‘ಅಯ್ಯನ ಮನೆ’ ಮಾಡಿದರು. ಖುಷಿ ರವಿ ನಟಿಸಿದ್ದಾರೆ. ಅದೂ ತುಂಬಿದ ಮನೆಗೆ ಬರುವ ಸೊಸೆಯ ಕಥೆಯೇ, ಆದರೆ ವರ್ಷಗಟ್ಟಲೆ ಎಳೆಯಲಿಲ್ಲ.

ಇನ್ನೊಂದು ವ್ಯತ್ಯಾಸ ನಮ್ಮಂಥ ಗೃಹಿಣಿಯರಿಗೇ ಗೊತ್ತಾಗೋದು. ಟೀವಿ ಸೀರಿಯಲ್ ಅನ್ನು ಚಪಾತಿ ಲಟ್ಟಿಸುತ್ತಲೇ ಕೇಳಬಹುದು. ಎಲ್ಲವನ್ನೂ ಮಾತಿನಲ್ಲೇ, ಎರಡೆರಡು ಸಲ ಹೇಳುತ್ತಾರಲ್ಲ! ವೆಬ್ ಸೀರೀಸ್‌ನಲ್ಲಿ ಒಂದು ನೋಟ, ಒಂದು ಮೌನದಲ್ಲೇ ಕಥೆ ಮುಂದೆ ಹೋಗಿಬಿಡುತ್ತದೆ. ಒಗ್ಗರಣೆ ಹಾಕಿ ತಿರುಗುವಷ್ಟರಲ್ಲಿ ಕೊಲೆ ಆಗಿರುತ್ತದೆ! ಹಾಗಾಗಿ ಕೆಲಸವೆಲ್ಲ ಮುಗಿದ ಮೇಲೆ, ನಿದ್ದೆ ಬಿಟ್ಟು ನೋಡುತ್ತೇವೆ. ‘ನಿದ್ದೆಯೇ ನಮ್ಮ ಪ್ರತಿಸ್ಪರ್ಧಿ’ ಎಂಬರ್ಥದ ಮಾತನ್ನು 2017ರಲ್ಲಿ ನೆಟ್‌ಫ್ಲಿಕ್ಸ್ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ ಅವರೇ ಆಡಿದ್ದರು. ಬೆಳಿಗ್ಗೆ ಐದೂವರೆಗೆ ಏಳಬೇಕಾದವರಿಗೆ ಇದು ತಮಾಷೆ ಮಾತಲ್ಲ.

ಸೀರಿಯಲ್ ನೆಪದಲ್ಲಿ ಆಡಿದ ಮಾತು

ಮಗಳು ಹುಟ್ಟಿದ ಮೇಲೆ ನನಗೆ ಮತ್ತೆ ಬರೆಯುವ ಆಸೆ. ಮಗು ಬಿಟ್ಟು ಓಡಾಡ್ತೀನಿ ಅಂತ ಅತ್ತೆ ಹತ್ತಿರ ಹೇಳೋಕೆ ಧೈರ್ಯವಿಲ್ಲ. ಆಗ ನಾವಿಬ್ಬರೂ ನೋಡುತ್ತಿದ್ದ ಸೀರಿಯಲ್‌ನಲ್ಲಿ ಸೊಸೆ ಕೆಲಸಕ್ಕೆ ಹೊರಟು ಮನೆಯಲ್ಲಿ ರಂಪವಾಯಿತು. ಅತ್ತೆ ಟೀವಿ ಕಡೆಯೇ ನೋಡುತ್ತಾ, ‘ಹೋಗ್ಲಿ ಬಿಡು, ಮಗು ನೋಡ್ಕೊಳ್ಳೋಕೆ ಅಜ್ಜಿ ಇಲ್ವಾ?’ ಅಂದರು. ನಾನು ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ. ಆ ಮಾತು ಟೀವಿಯ ಸೊಸೆಗಲ್ಲ, ನನಗೆ ಅಂತ ಗೊತ್ತಾಯ್ತು. ಮುಂದಿನ ವಾರವೇ ನಾನು ಪೆನ್ನು ಹಿಡಿದೆ.

ಮೊನ್ನೆ ಅತ್ತೆ ರೂಮಿನಲ್ಲಿ ಒಬ್ಬರೇ ನಗುತ್ತಿದ್ದರು. ‘ಏನತ್ತೆ, ಏನಾಯ್ತು ಕಥೆ?’ ಎಂದೆ. ಕಿವಿಯಿಂದ ಇಯರ್‌ಫೋನ್ ತೆಗೆದು, ‘ನಿಂಗ್ಯಾಕಮ್ಮ, ನೀನು ಇದನ್ನ ನೋಡಲ್ವಲ್ಲ’ ಅಂದರು. ಕೋಪವೇನೂ ಇರಲಿಲ್ಲ. ಆದರೂ ನನಗೆ ಚುರ್ರೆಂದಿತು. ಎದುರಾಎದುರು ಆಡಲಾಗದ ಎಷ್ಟೋ ಮಾತನ್ನು ನಾವು ಸೀರಿಯಲ್ ನೆಪದಲ್ಲಿ ಆಡಿಕೊಳ್ಳುತ್ತಿದ್ದೆವು. ಈಗ ಆ ನೆಪವೇ ಇಲ್ಲ.

ಹಾಗಂತ ಮೊಬೈಲ್ ಬಿಸಾಕಿ ಅನ್ನಲಾದೀತೇ? ಇದ್ದುದರಲ್ಲೇ ಸರಿ ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಈಗ ಪಾಲಿಸುತ್ತಿರುವ ಕೆಲವು ಕ್ರಮಗಳು ಇಲ್ಲಿವೆ. ನಿಮಗೂ ಉಪಯೋಗವಾದೀತು.

* ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಧಾರಾವಾಹಿ ಆರಿಸಿಕೊಳ್ಳಿ. ಅದನ್ನು ಹಾಲ್‌ನ ಟೀವಿಯಲ್ಲೇ, ಒಟ್ಟಿಗೆ ಕೂತು ನೋಡಿ. ವಾರಕ್ಕೆ ಎರಡು ದಿನವಾದರೂ ಸಾಕು. ಆ ಹೊತ್ತಿನಲ್ಲಿ ಯಾರ ಕೈಯಲ್ಲೂ ಮೊಬೈಲ್ ಬೇಡ.

* ಒಂದು ಕಂತು ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿ ಶುರುವಾಗುತ್ತದಲ್ಲ, ಆ ‘ಆಟೋಪ್ಲೇ’ಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಮುಂದಿನದು ಬೇಕೋ ಬೇಡವೋ ಎಂದು ಯೋಚಿಸಲು ಅವಕಾಶ ಸಿಗುತ್ತದೆ.

* ಕುತೂಹಲ ಹುಟ್ಟಿಸಿ ಕಂತು ಮುಗಿಸುವುದು ಅವರ ಜಾಣತನ. ಕೊನೆಯ ದೃಶ್ಯಕ್ಕೆ ಐದು ನಿಮಿಷ ಮೊದಲೇ ನಿಲ್ಲಿಸಿ ನೋಡಿ, ನಿದ್ದೆ ಚೆನ್ನಾಗಿ ಬರುತ್ತದೆ.

* ಮಕ್ಕಳ ಕೈಗೆ ಕೊಡುವ ಮೊದಲು ವಯಸ್ಸಿನ ಗುರುತು ನೋಡಿ. 2021ರ ಸರ್ಕಾರಿ ನಿಯಮದಂತೆ 7+, 13+, 16+ ಮತ್ತು ದೊಡ್ಡವರಿಗೆ ಎಂದು ತೋರಿಸಲೇಬೇಕು. 13+ ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ ಲಾಕ್ ಸೌಲಭ್ಯವೂ ಇರಬೇಕು. ಪಿನ್ ಹಾಕಿಡಿ. ಮಗುವಿನ ಹುಟ್ಟಿದ ತಾರೀಕು ಮಾತ್ರ ಪಿನ್ ಆಗದಿರಲಿ!

* ಚಂದಾ ಹಣ ತಾನಾಗಿ ಕಡಿತವಾಗುವಂತಿದ್ದರೆ 24 ಗಂಟೆ ಮೊದಲೇ ಬ್ಯಾಂಕಿನಿಂದ ಸಂದೇಶ ಬರಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮವಿದೆ. ಆ ಸಂದೇಶ ಅಳಿಸಬೇಡಿ, ಓದಿ. ನೋಡದ ಆ್ಯಪ್ ಇದ್ದರೆ ರದ್ದು ಮಾಡಿ. ಮೂರು ಆ್ಯಪ್‌ನ ದುಡ್ಡು ಸೇರಿದರೆ ತಿಂಗಳ ತರಕಾರಿಗೆ ಸ್ವಲ್ಪ ಆಸರೆಯಾದೀತು.

* ಹಿರಿಯರ ಮೊಬೈಲ್‌ನ ಚಿತ್ರವನ್ನು ಟೀವಿಯಲ್ಲಿ ಮೂಡಿಸುವುದು ಹೇಗೆಂದು ಒಮ್ಮೆ ಹೇಳಿಕೊಡಿ. ಪುಟ್ಟ ಪರದೆ ನೋಡುತ್ತಾ ಕತ್ತು ಬಗ್ಗಿಸಿ ಕೂರುವುದು ತಪ್ಪುತ್ತದೆ, ಅವರೂ ರೂಮಿನಿಂದ ಹೊರಗೆ ಬರುತ್ತಾರೆ.

ಕೊನೆಯ ಸಲಹೆಯನ್ನು ನಾನು ಹೋದ ವಾರವೇ ಮಾಡಿದೆ. ಅತ್ತೆಯ ಸೀರಿಯಲ್ ಹಾಲ್‌ಗೆ ಬಂತು. ಕಥೆ ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಮೊದಲಿನಿಂದ ಹೇಳಲು ಕೂತರು. ಹೇಳಿ ಮುಗಿಯುವ ಹೊತ್ತಿಗೆ ಕಂತೇ ಮುಗಿದುಹೋಗಿತ್ತು. ‘ನಾಳೆ ಬೇಗ ಬಾ, ಹೋಗಿದ್ದನ್ನ ಮತ್ತೆ ಹಾಕ್ತೀನಿ’ ಅಂದರು.

ಇವತ್ತು ರಾತ್ರಿ ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ, ‘ಏನಾಯ್ತು ಕಥೆ?’ ಅಂತ.