ಒಂದೇ ಗಿಡ, ಹಲವು ಹೆಸರು: ಭಂಗಿ-ಗಾಂಜಾಗಳ ವರ್ಗೀಕರಣ

ಮೊಣಕಾಲು ನೋವಿಗೆ ಭಂಗಿಬೀಜದ ಎಣ್ಣೆ ಹಚ್ಚಬಹುದೇ ಎಂದು ಹಿರಿಯರು ಕೇಳುತ್ತಾರೆ. ಗಾಂಜಾದಲ್ಲಿ ಎರಡು ಜಾತಿಗಳಿವೆಯಂತೆ, ‘ಇಂಡಿಕಾ’ ನಿದ್ರೆ ತರುತ್ತದಂತೆ, ‘ಸಟೈವಾ’ ಉಲ್ಲಾಸ ಕೊಡುತ್ತದಂತೆ ಎಂದು ಪರಸ್ಥಳದಲ್ಲಿ ಓದುವ ಮಕ್ಕಳು ಮನೆಗೆ ಬಂದು ಹೇಳುತ್ತಾರೆ. ಎರಡೂ ಮಾತುಗಳ ಹಿಂದಿರುವ ಪ್ರಶ್ನೆ ಒಂದೇ. ಈ ಗಿಡವನ್ನು ಯಾವ ಆಧಾರದ ಮೇಲೆ ವಿಂಗಡಿಸಬೇಕು? ಉತ್ತರ ತಿಳಿಯದೆ ಹೆಸರನ್ನಷ್ಟೇ ನಂಬಿ ಸೀಸೆ ಕೊಳ್ಳುವುದು ಸಲ್ಲದೆಂದು ನಾವು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನಿಯಸ್ 1753ರಲ್ಲಿ ಈ ಗಿಡಕ್ಕೆ ‘ಕ್ಯಾನಬಿಸ್ ಸಟೈವಾ’ ಎಂದು ಹೆಸರಿಟ್ಟನು. ಅವನು ಕಂಡಿದ್ದುದು ಯುರೋಪಿನಲ್ಲಿ ನಾರಿಗಾಗಿ ಬೆಳೆಯುತ್ತಿದ್ದ ಗಿಡ. ಫ್ರಾನ್ಸಿನ ಲಾಮಾರ್ಕ್ 1785ರಲ್ಲಿ ಭಾರತದಿಂದ ಬಂದ ಮಾದರಿಗಳನ್ನು ಪರಿಶೀಲಿಸಿ, ಇದರ ಕಾಂಡ ಗಟ್ಟಿ, ಸಿಪ್ಪೆ ತೆಳು, ನಾರಿಗೆ ಒದಗದು, ಆದರೆ ಅಮಲು ಹೆಚ್ಚು ಎಂದು ಕಂಡು ‘ಕ್ಯಾನಬಿಸ್ ಇಂಡಿಕಾ’ ಎಂಬ ಬೇರೆ ಪ್ರಭೇದವನ್ನು ಸೂಚಿಸಿದನು. ರಷ್ಯಾದ ವಿಜ್ಞಾನಿಯೊಬ್ಬರು 1924ರಲ್ಲಿ ‘ರುಡೆರಾಲಿಸ್’ ಎಂಬ ಮೂರನೆಯದನ್ನು ಸೇರಿಸಿದರು. ಅದು ಪಾಳುನೆಲದಲ್ಲಿ ತಾನಾಗಿ ಬೆಳೆಯುವ ಕುಳ್ಳ ಗಿಡ. ಇವು ನಿಜಕ್ಕೂ ಮೂರು ಪ್ರಭೇದಗಳೋ ಒಂದರದೇ ರೂಪಗಳೋ ಎಂಬ ವಾದ ಬಹುಕಾಲ ನಡೆಯಿತು. ಇವು ಪರಸ್ಪರ ಸಂಕರಗೊಂಡು ಫಲ ಕೊಡುವುದರಿಂದ ಇಂದು ಬಹುಪಾಲು ಸಸ್ಯಶಾಸ್ತ್ರಜ್ಞರು ಪ್ರಭೇದ ಒಂದೇ ಎಂದು ಎಣಿಸುತ್ತಾರೆ.

ಇಲ್ಲೊಂದು ವಿಪರ್ಯಾಸವಿದೆ. ಲಾಮಾರ್ಕ್ ‘ಇಂಡಿಕಾ’ ಎಂದ ಭಾರತದ ಗಿಡದ ಎಲೆ ಕಿರಿದು. ಇಂದಿನ ಮಾರಾಟಗಾರರ ಬಾಯಲ್ಲಿ ಅಂಥ ಕಿರಿದೆಲೆಯ ಗಿಡವೇ ‘ಸಟೈವಾ’ ಆಗಿದೆ. ‘ಇಂಡಿಕಾ’ ಎಂಬ ಹೆಸರು ಅಫ್ಘಾನಿಸ್ತಾನದ ಅಗಲ ಎಲೆಯ ಕುಳ್ಳ ಗಿಡಕ್ಕೆ ಹೋಗಿದೆ. ಹೆಸರುಗಳೇ ಹೀಗೆ ಅದಲುಬದಲಾಗಿವೆ. ಸಾಲದುದಕ್ಕೆ ದಶಕಗಳ ಕಾಲ ಎರಡನ್ನೂ ಬೆರೆಸಿ ತಳಿ ತೆಗೆದಿದ್ದಾರೆ. ಹೀಗಿರುವಾಗ ಒಂದು ನಿದ್ರೆಗೆ, ಒಂದು ಉಲ್ಲಾಸಕ್ಕೆ ಎಂಬುದು ವ್ಯಾಪಾರದ ಮಾತೇ ಹೊರತು ವಿಜ್ಞಾನವಲ್ಲ. ಎಲೆಯ ಆಕಾರವನ್ನು ನಂಬಿದರೆ ಎಲ್ಲಿಗೆ ತಲಪುತ್ತೇವೆಂಬುದಕ್ಕೆ ನಮ್ಮ ಪುಂಡಿಪಲ್ಯವೇ ಸಾಕ್ಷಿ: ಪುಂಡಿಯ ಎಲೆ ಭಂಗಿಯ ಎಲೆಯಂತೆ ಸೀಳಿರುವುದರಿಂದ ಅದಕ್ಕೆ ‘ಹಿಬಿಸ್ಕಸ್ ಕ್ಯಾನಬಿನಸ್’ ಎಂಬ ಹೆಸರು ಬಂದಿದೆ. ಆದರೆ ಅದು ದಾಸವಾಳದ ಬಳಗ. ರೊಟ್ಟಿಯೊಡನೆ ನಿಶ್ಚಿಂತೆಯಿಂದ ಉಣ್ಣಬಹುದು.

ನಮ್ಮ ದೇಶದ ಹಳೆಯ ವಿಂಗಡಣೆ ಇದಕ್ಕಿಂತ ವಿವೇಕದ್ದೆಂದು ನಮಗೆ ತೋರುತ್ತದೆ. ಅದು ಜಾತಿಯನ್ನು ಕೇಳುವುದಿಲ್ಲ, ಗಿಡದ ಯಾವ ಭಾಗವೆಂದು ಕೇಳುತ್ತದೆ. ಎಲೆ ಭಂಗಿ, ಹೆಣ್ಣುಗಿಡದ ಹೂತುದಿ ಗಾಂಜಾ, ಅದರಿಂದ ಬೇರ್ಪಡಿಸಿದ ಅಂಟು ಚರಸ್. ಈ ಗಿಡದಲ್ಲಿ ಗಂಡು ಹೆಣ್ಣು ಸಾಮಾನ್ಯವಾಗಿ ಬೇರೆ ಬೇರೆ. ಹೆಣ್ಣುಹೂವಿನ ಸುತ್ತಲಿನ ಸೂಕ್ಷ್ಮ ಗ್ರಂಥಿಗಳಲ್ಲಿ ಅಂಟು ಒಸರುತ್ತದೆ, ಅಮಲಿನ ಅಂಶವೆಲ್ಲ ಅದರಲ್ಲಿ. ಪರಾಗ ಬಿದ್ದು ಬೀಜ ಕಟ್ಟಿದರೆ ಅಂಟು ಕಡಿಮೆಯಾಗುವುದರಿಂದಲೇ ಹಿಂದಿನ ಬಂಗಾಳದ ಗಾಂಜಾ ಬೆಳೆಗಾರರು ಗಂಡುಗಿಡಗಳನ್ನು ಹುಡುಕಿ ಕಿತ್ತುಹಾಕುತ್ತಿದ್ದರು. 1985ರ ಮಾದಕ ವಸ್ತುಗಳ ಕಾಯಿದೆಯೂ ಈ ವಿಂಗಡಣೆಯನ್ನೇ ಅನುಸರಿಸಿದೆ. ಗಾಂಜಾ, ಚರಸ್ ನಿಷಿದ್ಧ. ಹೂತುದಿಯಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ. ಭಂಗಿಯ ನಿಯಂತ್ರಣ ರಾಜ್ಯಗಳಿಗೆ ಸೇರಿದೆ. ಹಾಗೆಂದು ಹಿತ್ತಿಲಲ್ಲಿ ಗಿಡ ಬೆಳೆಸುವಂತಿಲ್ಲ. ಪರವಾನಗಿಯಿಲ್ಲದ ಕೃಷಿಗೆ ಹತ್ತು ವರ್ಷಗಳವರೆಗೆ ಕಠಿಣ ಕಾರಾಗೃಹ ವಾಸದ ಶಿಕ್ಷೆಯುಂಟು.

ಆರೋಗ್ಯದ ದೃಷ್ಟಿಯಿಂದ ನಿರ್ಣಾಯಕವಾದುದು ರಾಸಾಯನಿಕ ವಿಂಗಡಣೆ. ಅಮಲು ತರುವ ಟಿ.ಎಚ್.ಸಿ. ಎಂಬ ವಸ್ತುವನ್ನು ಇಸ್ರೇಲಿನ ವಿಜ್ಞಾನಿಗಳು 1964ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದರ ಒಡಹುಟ್ಟಿನಂತಿರುವ ಸಿ.ಬಿ.ಡಿ. ಅಮಲು ತರುವುದಿಲ್ಲ. ಟಿ.ಎಚ್.ಸಿ. ಪ್ರಧಾನವಾದವು, ಎರಡೂ ಬೆರೆತವು, ಸಿ.ಬಿ.ಡಿ. ಪ್ರಧಾನವಾದವು ಎಂದು ಗಿಡಗಳಲ್ಲಿ ಮೂರು ಬಗೆ. ಕೆನಡಾದ ಅರ್ನೆಸ್ಟ್ ಸ್ಮಾಲ್ ಮತ್ತು ಅಮೆರಿಕದ ಆರ್ಥರ್ ಕ್ರಾಂಕ್ವಿಸ್ಟ್ 1976ರಲ್ಲಿ, ಒಣತೂಕದಲ್ಲಿ ಟಿ.ಎಚ್.ಸಿ. ಶೇಕಡಾ 0.3ಕ್ಕಿಂತ ಕಡಿಮೆಯಿದ್ದರೆ ನಾರಿನ ಬಗೆ, ಹೆಚ್ಚಿದ್ದರೆ ಅಮಲಿನ ಬಗೆ ಎಂದು ಗೆರೆ ಎಳೆದರು. ಇದು ನಿಸರ್ಗ ಎಳೆದ ಗೆರೆಯಲ್ಲ, ಅನುಕೂಲಕ್ಕೆಂದು ಮಾಡಿಕೊಂಡದ್ದು. ಆದರೂ ಅನೇಕ ದೇಶಗಳ ಕಾನೂನು ಅದನ್ನೇ ಹಿಡಿದಿದೆ. ಉತ್ತರಾಖಂಡವೂ ನಾರಿನ ಕೃಷಿಗೆ ಅದೇ ಮಿತಿಯನ್ನು ಇಟ್ಟಿದೆ.

ಈಗ ಮೊಣಕಾಲಿನ ಪ್ರಶ್ನೆಗೆ ಬರೋಣ. ಬೀಜದ ಒಳಗೆ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಪ್ರೋಟೀನು ಮತ್ತು ಒಳ್ಳೆಯ ಕೊಬ್ಬು ಉಳ್ಳ ಈ ಬೀಜಕ್ಕೂ ಅದರ ಎಣ್ಣೆಗೂ 2021ರಲ್ಲಿ ನಮ್ಮ ದೇಶದಲ್ಲಿ ಆಹಾರವೆಂಬ ಮನ್ನಣೆ ದೊರೆತಿದೆ. ಆದರೆ ಅಮಲು ಇಲ್ಲದಂತೆಯೇ ನೋವು ಕಳೆಯುತ್ತದೆಂದು ಹೇಳಲಾಗುವ ಸಿ.ಬಿ.ಡಿ.ಯೂ ಅದರಲ್ಲಿ ಇಲ್ಲದಂತೆಯೇ. ತಿಕ್ಕಿದ್ದರಿಂದ ಹಿತವೆನಿಸಿದರೆ, ಆ ಹಿತ ಎಳ್ಳೆಣ್ಣೆಯಿಂದಲೂ ದೊರೆಯುತ್ತದೆ, ಅದೂ ಕಡಿಮೆ ಬೆಲೆಗೆ. ‘ವಿಜಯಾ’ ಎಂಬ ಆಯುರ್ವೇದದ ಹೆಸರು ಹೊತ್ತು ಬರುವ ಎಲೆಸಾರದ ತೈಲಗಳ ಸಂಗತಿ ಬೇರೆ. ಆಯುರ್ವೇದ ಔಷಧಗಳ ನಿಯಮಗಳಲ್ಲಿ ಬೀಜವನ್ನು ಬಿಟ್ಟು ಭಂಗಿಯು ವಿಷದ್ರವ್ಯಗಳ ಪಟ್ಟಿಯಲ್ಲಿದೆ. ವೈದ್ಯರ ನಿಗಾದಲ್ಲಿಯೇ ಸೇವಿಸತಕ್ಕದ್ದು.

ಹಾಲಿನಲ್ಲಿ ಬೆರೆಸಿದ ಭಂಗಿಯನ್ನು ಸೌಮ್ಯವೆಂದು ಹಗುರವಾಗಿ ಕಾಣುವವರುಂಟು. ಟಿ.ಎಚ್.ಸಿ. ಕೊಬ್ಬಿನಲ್ಲಿ ಕರಗುವ ವಸ್ತು. ಕುಡಿದಾಗ ಅದರ ಪರಿಣಾಮ ತೋರಲು ಒಂದೆರಡು ಗಂಟೆ ಬೇಕಾಗಬಹುದು. ಏನೂ ಆಗಲಿಲ್ಲವೆಂದು ಎರಡನೆಯ ಲೋಟ ಕುಡಿದವರೇ ಎದೆಬಡಿತ, ಭ್ರಮೆ, ಭಯಗಳಿಂದ ಆಸ್ಪತ್ರೆ ಸೇರುವುದು. ಹದಿಹರೆಯದಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ಪದೇ ಪದೇ ಸೇವಿಸಿದವರಿಗೆ ಚಿತ್ತವಿಕಲತೆಯ ಅಪಾಯ ಹೆಚ್ಚು, ಮನೆತನದಲ್ಲಿ ಆ ಕಾಯಿಲೆ ಇದ್ದರೆ ಮತ್ತಷ್ಟು ಹೆಚ್ಚು.

ಸಿ.ಬಿ.ಡಿ. ನಿರುಪಯುಕ್ತವೆಂದು ನಾವು ಹೇಳುತ್ತಿಲ್ಲ. ಮಕ್ಕಳಲ್ಲಿ ಕಾಣುವ ಕೆಲವು ತೀವ್ರ ಮೂರ್ಛೆರೋಗಗಳಿಗೆ ಅದರ ಶುದ್ಧ ಔಷಧವು 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆದರೆ ಯಕೃತ್ತಿನಲ್ಲಿ ಬೇರೆ ಔಷಧಗಳು ಕರಗುವ ಗತಿಯನ್ನು ಅದು ತಡೆಯುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್, ಮೂರ್ಛೆಗೆ ಕೊಡುವ ಕ್ಲೋಬಜಾಮ್ ಮುಂತಾದವುಗಳ ಪ್ರಮಾಣ ದೇಹದಲ್ಲಿ ಏರಿಬಿಡಬಹುದು. ಇಂಥ ಮಾತ್ರೆ ನುಂಗುತ್ತಿರುವ ಹಿರಿಯರು ಮನೆಯಲ್ಲಿದ್ದರೆ, ತೈಲದ ಸೀಸೆಯನ್ನೇ ವೈದ್ಯರ ಬಳಿಗೆ ಒಯ್ದು, ಅದು ಬೀಜದ್ದೋ ಎಲೆಯದೋ, ಟಿ.ಎಚ್.ಸಿ. ಎಷ್ಟು, ಸಿ.ಬಿ.ಡಿ. ಎಷ್ಟು ಎಂಬುದನ್ನು ತೋರಿಸಿ ಕೇಳತಕ್ಕದ್ದು.