ಗಾಂಜಾ ಇರುವ ಮನೆಯ ಮಕ್ಕಳು

ಪ್ರಶ್ನೆ: ನಮ್ಮ ಓಣಿಯ ಒಂದು ಮನೆಯಲ್ಲಿ ಗಾಂಜಾ ಸೇದುತ್ತಾರೆ, ಮಾರುತ್ತಾರೆ ಕೂಡ. ಅಲ್ಲಿ ಇಬ್ಬರು ಸಣ್ಣ ಮಕ್ಕಳಿದ್ದಾರೆ. ದೂರು ಕೊಟ್ಟರೆ ಮಕ್ಕಳನ್ನೂ ಠಾಣೆಗೆ ಕರೆದೊಯ್ಯುತ್ತಾರಾ?
– ಓದುಗರೊಬ್ಬರು, ಉಜ್ಜಿನಿ

ಉತ್ತರ: ಇಲ್ಲ. ದೊಡ್ಡವರ ಮೇಲೆ ಮಾದಕವಸ್ತು ಕಾಯ್ದೆಯಡಿ (1985) ಕೇಸಾಗುತ್ತದೆ. ಮಕ್ಕಳ ದಾರಿಯೇ ಬೇರೆ. ಮಾದಕವಸ್ತುವಿನ ಚಟಕ್ಕೋ ಸಾಗಾಟಕ್ಕೋ ಬೀಳುವ ಸಂಭವವಿರುವ ಮಗುವನ್ನು 2015ರ ಬಾಲನ್ಯಾಯ ಕಾಯ್ದೆ ಆರೋಪಿ ಎನ್ನುವುದಿಲ್ಲ, ‘ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು’ ಎನ್ನುತ್ತದೆ. ಅಂಥ ಮಗುವನ್ನು ವಶಕ್ಕೆ ಪಡೆದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಾಲಮಂದಿರ ಕೊನೆಯ ಉಪಾಯ. ಅಜ್ಜಿಯೋ ಸೋದರಮಾವನೋ ನೋಡಿಕೊಳ್ಳುವಂತಿದ್ದರೆ ಅವರ ಮಡಿಲೇ ಮೊದಲು.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ‘ಅಂಗಡಿಗೆ ಹೋಗಿ ಈ ಪೊಟ್ಟಣ ಕೊಟ್ಟು ಬಾ’ ಎಂಬ ಮಾತು. ಮಗುವಿನ ಕೈಯಲ್ಲಿ ಮಾದಕವಸ್ತು ಸಾಗಿಸಿದರೆ, ಮಾರಿಸಿದರೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಹೆತ್ತವರೆಂದು ರಿಯಾಯಿತಿ ಇಲ್ಲ.

ಹೊಗೆಗಿಂತ ಬೇಗ ಅಪಾಯ ತರುವುದು, ಗಾಂಜಾ ಬೆರೆಸಿದ ತಿನಿಸು ಮಗುವಿನ ಬಾಯಿಗೆ ಹೋಗುವುದು. ಮಗು ಮಂಕಾಗಿ, ಎಬ್ಬಿಸಿದರೂ ಏಳದಿದ್ದರೆ ವಾಂತಿ ಮಾಡಿಸಲು ಹೋಗಬೇಡಿ. ತಕ್ಷಣ ಆಸ್ಪತ್ರೆಗೆ ಒಯ್ದು ವೈದ್ಯರಿಗೆ ನಿಜ ಹೇಳಿ. ‘ದೃಷ್ಟಿ ತಾಗಿದೆ’ ಎಂದು ಕೂತರೆ ಹೊತ್ತು ಮೀರುತ್ತದೆ.

ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ, ಉಚಿತ. ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಕೆಯಿದ್ದರೆ ಅಂಗನವಾಡಿ ಕಾರ್ಯಕರ್ತೆಗೋ ಶಾಲೆಯ ಮೇಷ್ಟ್ರಿಗೋ ಹೇಳಿ. ಚಟ ಬಿಡಬೇಕೆನ್ನುವ ತಂದೆಗೆ ವ್ಯಸನಮುಕ್ತಿ ಸಹಾಯವಾಣಿಯ 14446 ಸಂಖ್ಯೆ ಕೊಡಿ.