ಭೂಮಿ ನಡುಗಿದರೂ ನಿಲ್ಲುವ ಮನೆ: ಗುತ್ತಿಗೆದಾರರನ್ನು ಆರಿಸುವುದು ಹೇಗೆ?

ಶಿರಸಿ: 2024ರ ಡಿಸೆಂಬರ್ ಆರಂಭದಲ್ಲಿ ಕೆಲ ಕ್ಷಣ ನೆಲ ಕಂಪಿಸಿದ ಅನುಭವವಾಯಿತೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದ ಜನರು ಹೇಳಿದ್ದರು. ಅಂಥ ಸುದ್ದಿ ವಾರದೊಳಗೆ ಮರೆತುಹೋಗುತ್ತದೆ. ಆದರೆ 2002ರ ಭೂಕಂಪ ವಲಯ ನಕ್ಷೆಯಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮಧ್ಯಮ ಅಪಾಯದ ಮೂರನೆಯ ವಲಯಕ್ಕೆ ಸೇರಿಸಲಾಗಿತ್ತು. 1993ರ ಸೆಪ್ಟೆಂಬರ್ 30ರಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಲಾತೂರಿನ ಕಿಲ್ಲಾರಿ ಆಗ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಅಲ್ಲಿ ಬಹುತೇಕರ ಮೇಲೆ ಕುಸಿದದ್ದು ಮಣ್ಣಿನ ಗಾರೆಯಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆ, ಭಾರವಾದ ಮಣ್ಣಿನ ಮಾಳಿಗೆ.

ಘಟ್ಟದ ಮೇಲಿನ ಚಿರೇಕಲ್ಲಿನ ಮನೆಗಳಿಗೆ ಹಂಚಿನ ಹಗುರ ಮಾಡು ಅನುಕೂಲವೇ. ದೌರ್ಬಲ್ಯವಿರುವುದು ಗೋಡೆಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಳ್ಳದಿರುವಲ್ಲಿ. ನೆಲ ಅಡ್ಡಡ್ಡ ಅಲುಗಿದಾಗ ಮೂಲೆ ಬಿರಿದು, ಗೋಡೆ ಹೊರಕ್ಕೆ ಮಗುಚುತ್ತದೆ. ತಳಪಾಯದ ಮೇಲೆ, ಬಾಗಿಲು-ಕಿಟಕಿಗಳ ಮೇಲೆ ಮತ್ತು ಮಾಡಿನ ಮಟ್ಟದಲ್ಲಿ ಮನೆಯ ಸುತ್ತ ತುಂಡಾಗದೆ ಸಾಗುವ ಕಾಂಕ್ರೀಟ್ ಪಟ್ಟಿ ಇದನ್ನು ತಡೆಯುತ್ತದೆ. ವಾಡಿಕೆಯಲ್ಲಿ ಲಿಂಟಲ್ಲನ್ನು ಕಿಟಕಿಯ ಮೇಲಷ್ಟೇ ಹಾಕಿ ನಿಲ್ಲಿಸುತ್ತಾರೆ. ಉಳಿತಾಯ ಅಲ್ಪ, ಅಪಾಯ ದೊಡ್ಡದು.

ಲೋಕೋಪಯೋಗಿ ಇಲಾಖೆಯ ದರ್ಜೆ ಪರವಾನಗಿಯು ಸರ್ಕಾರಿ ಕಾಮಗಾರಿ ಪಡೆಯಲು ಬೇಕಾದ ಅರ್ಹತೆಯೇ ಹೊರತು ಭೂಕಂಪ ನಿರೋಧಕ ಕೌಶಲಕ್ಕೆ ಪ್ರಮಾಣಪತ್ರವಲ್ಲ. ಆದ್ದರಿಂದ ಸಿವಿಲ್ ಎಂಜಿನಿಯರರಿಂದ ನಕ್ಷೆ ಮಾಡಿಸಿ, ಅದನ್ನು ಓದಿ ಪಾಲಿಸಬಲ್ಲ ಮೇಸ್ತ್ರಿಯನ್ನು ಹುಡುಕುವುದು ಸೂಕ್ತ. ಕಲ್ಲಿನ ಮನೆಗೆ ಐಎಸ್ 4326, ಹಳೆಯ ಮನೆಯ ಬಲವರ್ಧನೆಗೆ ಐಎಸ್ 13935 ಮಾನಕಗಳಿವೆ. ಮೇಸ್ತ್ರಿಗೆ ಸಂಖ್ಯೆ ನೆನಪಿರಬೇಕೆಂದಿಲ್ಲ. ಮೂಲೆಯಲ್ಲಿ ಪಟ್ಟಿಯ ಸರಳನ್ನು ಹೇಗೆ ಬಾಗಿಸಿ ಜೋಡಿಸುತ್ತೀರಿ ಎಂದು ಕೇಳಿದರೆ ಸಾಕು. ಕಂಬಗಳ ಮನೆಯಾದರೆ ರಿಂಗಿನ ತುದಿ 135 ಡಿಗ್ರಿ ಬಾಗಿ ಒಳಕ್ಕೆ ಚಾಚಿರಬೇಕು. 90 ಡಿಗ್ರಿಗೆ ಬಾಗಿಸಿ ಬಿಟ್ಟ ರಿಂಗು ಬಲವಾದ ಕಂಪನದಲ್ಲಿ ಬಿಚ್ಚಿಕೊಳ್ಳುತ್ತದೆ. ಅವರು ಈಗ ಕಟ್ಟುತ್ತಿರುವ ಮನೆಗೆ, ಕಾಂಕ್ರೀಟ್ ಸುರಿಯುವ ಮುನ್ನ, ಒಮ್ಮೆ ಹೋಗಿ ನೋಡುವುದು ನೂರು ಮಾತಿಗಿಂತ ಮೇಲು.

ಕರಾರು ಬರಹದಲ್ಲಿರಲಿ. ಎಂಜಿನಿಯರರು ಸರಳುಗಳನ್ನು ಪರಿಶೀಲಿಸಿದ ಬಳಿಕವೇ ಆಯಾ ಹಂತದ ಹಣ ಎಂಬ ಷರತ್ತು ಅದರಲ್ಲಿರಬೇಕು.

ಹಳೆಯ ಮನೆಯನ್ನು ಕೆಡವಬೇಕಾಗಿಲ್ಲ. ಲಿಂಟಲ್ ಮಟ್ಟದಲ್ಲಿ ಗೋಡೆಯ ಎರಡೂ ಬದಿಗೆ ವೆಲ್ಡ್ ಮೆಶ್ ಬಿಗಿದು ಸಿಮೆಂಟ್ ಗಾರೆ ಹಚ್ಚುವ ವಿಧಾನವಿದೆ. ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸಲು ಬಡಗಿ ಮಾಡನ್ನೇರಿದಾಗ, ಪಕಾಸುಗಳನ್ನು ಗೋಡೆಯ ಮೇಲಿನ ಅಡ್ಡತೊಲೆಗೆ, ಆ ತೊಲೆಯನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಸುವ ಕೆಲಸವನ್ನೂ ಅದೇ ದಿನ ಮಾಡಿಸಿಕೊಳ್ಳಬಹುದು.